ಇಪ್ಪತ್ತೆರಡು ಪುಟದ ಒಪ್ಪಿಗೆ ಪತ್ರ

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಹೊಸ ಔಷಧಗಳ ಪರೀಕ್ಷೆಗೆ, ಅಂದರೆ ಕ್ಲಿನಿಕಲ್ ಟ್ರಯಲ್‌ಗೆ, ರೋಗಿಗಳನ್ನು ಸೇರಿಸಿಕೊಳ್ಳುವುದರ ಬಗ್ಗೆ ಕೆಲವು ತಿಂಗಳಿಂದ ಬಂದ ಪತ್ರಗಳನ್ನು ಒಂದೆಡೆ ಕೂಡಿಟ್ಟು, ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ. ವೈದ್ಯಕೀಯ ಕಾಲೇಜಿನಲ್ಲಿ ಔಷಧಶಾಸ್ತ್ರ ಕಲಿಸುತ್ತಿದ್ದಾಗ ಹಲವು ವರ್ಷ ಆಸ್ಪತ್ರೆಯ ಎಥಿಕ್ಸ್ ಕಮಿಟಿಯಲ್ಲಿ, ಅಂದರೆ ಟ್ರಯಲ್‌ಗೆ ಸೇರುವವರಿಗೆ ಅನ್ಯಾಯವಾಗದಂತೆ ನೋಡಿಕೊಂಡು ಒಪ್ಪಿಗೆ ಕೊಡುವ ಸಮಿತಿಯಲ್ಲಿ, ಕುಳಿತು ಇಂಥ ಟ್ರಯಲ್‌ಗಳ ಕಾಗದಪತ್ರಗಳನ್ನು ಓದಿದವನು ನಾನು. ಇಲ್ಲಿಯ ಉತ್ತರಗಳಿಗೆ ಆ ಅನುಭವವೂ ಆಧಾರ. ಇಂಥ ಟ್ರಯಲ್‌ಗೆ ಸೇರಲೋ ಬೇಡವೋ ಎಂದು ನೇರವಾಗಿ ಕೇಳಿದವರಿಗೆ ಹೌದು, ಇಲ್ಲ ಎಂದು ಇಲ್ಲಿಂದಲೇ ಹೇಳುವುದು ಸರಿಯಲ್ಲವಾದ್ದರಿಂದ, ತೀರ್ಮಾನಕ್ಕೆ ಬೇಕಾದ ತಿಳಿವಳಿಕೆಯನ್ನು ಮಾತ್ರ ಕೊಟ್ಟಿದ್ದೇನೆ.

ಪ್ರಶ್ನೆ: ನನ್ನ ಯಜಮಾನರಿಗೆ 58 ವರ್ಷ. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಈಗ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ, ಕಿಡ್ನಿ ಸೋಲಲು ಶುರುವಾಗಿದೆ ಎಂದಿದ್ದಾರೆ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಹೊಸ ಮಾತ್ರೆಯ ಟ್ರಯಲ್ ನಡೆಯುತ್ತಿದೆ, ಸೇರಿಕೊಳ್ಳಿ, ಔಷಧ, ರಕ್ತಪರೀಕ್ಷೆ ಎಲ್ಲವೂ ಉಚಿತ ಎಂದು ಹೇಳಿ ಇಪ್ಪತ್ತೆರಡು ಪುಟದ ಒಪ್ಪಿಗೆ ಪತ್ರ ಕೊಟ್ಟು ಕಳಿಸಿದ್ದಾರೆ. ಅರ್ಧ ಜನಕ್ಕೆ ಔಷಧವೇ ಇಲ್ಲದ ಮಾತ್ರೆ ಕೊಡುತ್ತಾರಂತೆ. ಪತ್ರದಲ್ಲಿ ವಾರ್ಷಿಕ ಆದಾಯ, ನಾಮಿನಿಯ ಹೆಸರು ಎಲ್ಲ ಕೇಳಿದ್ದಾರೆ. ಅದನ್ನು ನೋಡಿದ ನನ್ನ ತಮ್ಮ, ‘ಅಕ್ಕಾ, ಇದು ಪ್ರಾಣಕ್ಕೇ ಸಂಚಕಾರ’ ಎಂದು ಹೆದರಿಸಿದ್ದಾನೆ. ದಾರಿ ತೋರಿಸಿ.
(ಹೆಸರು ಬೇಡ, ದಾವಣಗೆರೆ)

ಉತ್ತರ: ನಿಮ್ಮ ತಮ್ಮನವರನ್ನು ಹೆದರಿಸಿದ ನಾಮಿನಿಯ ವಿಷಯವನ್ನೇ ಮೊದಲು ನೋಡೋಣ. 2019ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಒಪ್ಪಿಗೆ ಪತ್ರದ ನಮೂನೆಯನ್ನೇ ಗೊತ್ತುಮಾಡಿವೆ. ಸೇರುವವರ ವಿಳಾಸ, ವಿದ್ಯಾಭ್ಯಾಸ, ಉದ್ಯೋಗ, ವಾರ್ಷಿಕ ಆದಾಯ, ನಾಮಿನಿಯ ಹೆಸರು ಮತ್ತು ಸಂಬಂಧ ಎಲ್ಲವೂ ಆ ನಮೂನೆಯಲ್ಲೇ ಇವೆ. ಟ್ರಯಲ್‌ನಿಂದಾಗಿ ಸಾವು ಸಂಭವಿಸಿದರೆ ಪರಿಹಾರದ ಹಣ ಯಾರ ಕೈ ಸೇರಬೇಕು ಎಂಬುದು ಮುಂಚೆಯೇ ದಾಖಲಾಗಿರಲಿ ಎಂದು ನಾಮಿನಿಯನ್ನು ಕೇಳುತ್ತಾರೆ. ಬ್ಯಾಂಕಿನ ಖಾತೆಗೆ ನಾಮಿನಿ ಬರೆಸಿದ ಮಾತ್ರಕ್ಕೆ ಸಾವನ್ನು ಕರೆದಂತಾಗುವುದಿಲ್ಲವಷ್ಟೆ. ಹೆದರುವುದಿದ್ದರೆ ಈ ವಿವರಗಳನ್ನು ಕೇಳದೆ ಬರೀ ಸಹಿ ಕೇಳುವವರನ್ನು ಕಂಡು ಹೆದರಬೇಕು.

ಈ ಹೆದರಿಕೆಗಿಂತ ನನಗೆ ಹೆಚ್ಚು ಯೋಚನೆಗೆ ಹಚ್ಚಿದ್ದು ನಿಮ್ಮ ಪತ್ರದಲ್ಲಿರುವ ‘ಹೊಸ ಮಾತ್ರೆ’, ‘ಎಲ್ಲವೂ ಉಚಿತ’ ಎಂಬ ಎರಡು ಮಾತುಗಳು. ಕೇಳಿದವರಿಗೆ ಹಳೆಯದಕ್ಕಿಂತ ಒಳ್ಳೆಯ ಚಿಕಿತ್ಸೆಯೊಂದು ಪುಕ್ಕಟೆಯಾಗಿ ಮನೆ ಬಾಗಿಲಿಗೆ ಬಂದಂತೆ ಅನಿಸುತ್ತದೆ. ಆದರೆ ಟ್ರಯಲ್ ಎಂಬುದನ್ನು ಹೂಡುವುದು ಉತ್ತರ ಗೊತ್ತಿಲ್ಲದ ಪ್ರಶ್ನೆಯೊಂದಕ್ಕೆ ಉತ್ತರ ಕಂಡುಕೊಳ್ಳುವುದಕ್ಕೆ. ಈ ಮಾತ್ರೆ ಕಿಡ್ನಿಯನ್ನು ಕಾಪಾಡುತ್ತದೆ ಎಂದು ಡಾಕ್ಟರಿಗೆ ಮೊದಲೇ ಖಚಿತವಾಗಿದ್ದಿದ್ದರೆ ಅರ್ಧ ಜನರಿಗೆ ಅದನ್ನು ಕೊಡದೆ ಇರುವುದು ಅನ್ಯಾಯವಾಗುತ್ತಿತ್ತು, ಆಗ ಟ್ರಯಲ್ ನಡೆಸಲು ಯಾವ ಕಮಿಟಿಯೂ ಒಪ್ಪುತ್ತಿರಲಿಲ್ಲ. ಇದರಿಂದ ನಿಮ್ಮ ಯಜಮಾನರಿಗೆ ಒಳ್ಳೆಯದಾಗಬಹುದು, ಏನೂ ಆಗದಿರಬಹುದು, ಕೆಡುಕೂ ಆಗಬಹುದು. ಈ ಮೂರನ್ನೂ ಎದುರಿಗಿಟ್ಟುಕೊಂಡು ಯೋಚಿಸಬೇಕು.

ನಿಮ್ಮ ಯಜಮಾನರಿಗಿರುವಂಥ ಕಿಡ್ನಿ ತೊಂದರೆಯಲ್ಲೇ ನಡೆದ ಎರಡು ಟ್ರಯಲ್‌ಗಳನ್ನು ಅಕ್ಕಪಕ್ಕ ಇಟ್ಟರೆ ಇದು ಸ್ಪಷ್ಟವಾಗುತ್ತದೆ. ಇಂದು ಔಷಧದ ಅಂಗಡಿಯಲ್ಲಿ ಹಲವು ಕಂಪನಿಗಳ ಹೆಸರಿನಲ್ಲಿ ಸಿಗುವ ಡಪಾಗ್ಲಿಫ್ಲೋಜಿನ್ ಎಂಬ ಮಾತ್ರೆಯನ್ನು ಡಪಾ-ಸಿಕೆಡಿ ಎಂಬ ಟ್ರಯಲ್‌ನಲ್ಲಿ 4,304 ಜನರ ಮೇಲೆ ಪರೀಕ್ಷಿಸಿದರು. ಪ್ಲಸೀಬೊ, ಅಂದರೆ ಔಷಧವಿಲ್ಲದ ಮಾತ್ರೆ, ಪಡೆದವರಲ್ಲಿ ನೂರಕ್ಕೆ 14.5ರಷ್ಟು ಮಂದಿಗೆ ಕಿಡ್ನಿಯ ಶಕ್ತಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಕುಸಿಯುವುದು, ಕಿಡ್ನಿ ವಿಫಲವಾಗುವುದು, ಕಿಡ್ನಿ ಅಥವಾ ಹೃದಯದ ಕಾರಣದಿಂದ ಸಾವು, ಇವುಗಳಲ್ಲೊಂದು ಸಂಭವಿಸಿದರೆ, ಔಷಧ ಪಡೆದವರಲ್ಲಿ ಅದು 9.2ಕ್ಕೆ ಇಳಿಯಿತು. ಅಂಕಿಅಂಶಗಳ ಮೇಲೆ ಕಣ್ಣಿಟ್ಟಿದ್ದ ಸ್ವತಂತ್ರ ಸಮಿತಿ, ಲಾಭ ಇಷ್ಟು ನಿಚ್ಚಳವಾಗಿರುವಾಗ ಮುಂದುವರಿಸುವುದು ಬೇಡ ಎಂದು 2020ರಲ್ಲಿ ಟ್ರಯಲ್ಲನ್ನು ಅವಧಿಗೆ ಮುನ್ನವೇ ನಿಲ್ಲಿಸಲು ಹೇಳಿತು. ಬಾರ್ಡಾಕ್ಸೊಲೋನ್ ಎಂಬ ಇನ್ನೊಂದು ಔಷಧವೂ ಮೊದಲ ಸಣ್ಣ ಅಧ್ಯಯನದಲ್ಲಿ ಕಿಡ್ನಿಯ ಅಂಕಿಗಳನ್ನು ಚೆನ್ನಾಗಿ ಸುಧಾರಿಸಿ ಎಲ್ಲರಲ್ಲೂ ಆಸೆ ಹುಟ್ಟಿಸಿತ್ತು. ಸಕ್ಕರೆ ಕಾಯಿಲೆಯ ಜೊತೆಗೆ ಕಿಡ್ನಿ ತೀರಾ ಹದಗೆಟ್ಟಿದ್ದ 2,185 ಜನರನ್ನು ಸೇರಿಸಿಕೊಂಡು ದೊಡ್ಡ ಟ್ರಯಲ್ ನಡೆಸಿದಾಗ, ಆ ಔಷಧ ಪಡೆದವರಲ್ಲೇ ಹೃದಯ ವೈಫಲ್ಯ ಹೆಚ್ಚು ಕಾಣಿಸಿಕೊಂಡಿದ್ದರಿಂದ 2012ರಲ್ಲಿ ಅದನ್ನೂ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಮೊದಲನೆಯದರಲ್ಲಿ ಪ್ಲಸೀಬೊ ಬಂದವರಿಗೆ ನಷ್ಟವಾಯಿತು, ಎರಡನೆಯದರಲ್ಲಿ ಪ್ಲಸೀಬೊ ಬಂದವರೇ ಬಚಾವಾದರು. ಸೇರುವ ದಿನ ಮಾತ್ರ ಎರಡೂ ಕಡೆಯವರ ಕೈಯಲ್ಲಿ ಇದ್ದದ್ದು ನಿಮ್ಮಲ್ಲಿರುವಂಥದೇ ಒಪ್ಪಿಗೆ ಪತ್ರ.

ಔಷಧವಿಲ್ಲದ ಮಾತ್ರೆ ಎಂದರೆ ಚಿಕಿತ್ಸೆಯೇ ಇಲ್ಲ ಎಂದು ತಿಳಿಯಬೇಡಿ. ಇಂಥ ರೋಗಗಳಲ್ಲಿ ಸಾಮಾನ್ಯವಾಗಿ ಈಗಾಗಲೇ ಗೊತ್ತಿರುವ ಚಿಕಿತ್ಸೆಯನ್ನು ಎರಡೂ ಗುಂಪಿಗೆ ಮುಂದುವರಿಸಿ, ಅದರ ಮೇಲೆ ಹೊಸ ಮಾತ್ರೆಯನ್ನೋ ಪ್ಲಸೀಬೊವನ್ನೋ ಸೇರಿಸುತ್ತಾರೆ. ಡಪಾ-ಸಿಕೆಡಿಯಲ್ಲೂ ಬಹುತೇಕ ಎಲ್ಲರೂ ಕಿಡ್ನಿಗೆ ಅನುಕೂಲವಾದ ಬಿಪಿ ಮಾತ್ರೆಗಳನ್ನು ಮೊದಲಿನಂತೆ ತೆಗೆದುಕೊಳ್ಳುತ್ತಲೇ ಇದ್ದರು. ಆದ್ದರಿಂದ ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದು: ‘ಈಗ ನಡೆಯುತ್ತಿರುವ ಔಷಧಗಳಲ್ಲಿ ಯಾವುದನ್ನಾದರೂ ನಿಲ್ಲಿಸುತ್ತೀರಾ? ಟ್ರಯಲ್‌ಗೆ ಸೇರದಿದ್ದರೆ ನೀವೇ ನಮಗೆ ಬರೆದುಕೊಡುತ್ತಿದ್ದ, ಆದರೆ ಸೇರಿದರೆ ಕೊಡಲಾಗದ ಔಷಧ ಯಾವುದಾದರೂ ಇದೆಯೆ?’ ಈ ಎರಡನೆಯ ಭಾಗವನ್ನು ಮರೆಯದೆ ಕೇಳಿ, ಏಕೆಂದರೆ ಸಾಮಾನ್ಯವಾಗಿ ಯಾರೂ ಅದನ್ನು ಕೇಳುವುದಿಲ್ಲ. ಬಳಿಕ ದಾವಣಗೆರೆಯಿಂದ ಬೆಂಗಳೂರಿಗೆ ಎಷ್ಟು ಸಲ ಬರಬೇಕು, ಓಡಾಟದ ಖರ್ಚು ಕೊಡುತ್ತಾರೆಯೆ, ರಾತ್ರಿ ಹೊತ್ತಿನಲ್ಲಿ ಉಸಿರಾಟದ ತೊಂದರೆ ಕಾಣಿಸಿಕೊಂಡು ನಿಮ್ಮೂರಿನ ಆಸ್ಪತ್ರೆಗೆ ಓಡಬೇಕಾಗಿ ಬಂದರೆ ಯಾವ ನಂಬರಿಗೆ ಫೋನ್ ಮಾಡಬೇಕು ಮತ್ತು ಆ ಬಿಲ್ಲನ್ನು ಯಾರು ಕಟ್ಟುತ್ತಾರೆ ಎಂಬುದನ್ನು ಬಾಯಿಮಾತಿನಲ್ಲಿ ಬಿಡದೆ ಪತ್ರದ ಯಾವ ಪುಟದಲ್ಲಿದೆ ಎಂದು ತೋರಿಸಲು ಹೇಳಿ.

ಪತ್ರ ಕನ್ನಡದಲ್ಲಿದೆಯೇ ಎಂದು ನೀವು ಬರೆದಿಲ್ಲ. ರೋಗಿಗೆ ತಿಳಿಯುವ ಭಾಷೆಯಲ್ಲಿ ಅದು ಇರಲೇಬೇಕು ಎಂಬುದು ನಿಯಮ. ಇಲ್ಲಿ ನನ್ನ ಒಂದು ಹಳೆಯ ಕೊರಗನ್ನೂ ಹೇಳಿಕೊಳ್ಳಬೇಕು. ನಮ್ಮ ಕಮಿಟಿಯ ಮುಂದೆ ಬರುತ್ತಿದ್ದ ಕನ್ನಡ ಪತ್ರಗಳಲ್ಲಿ ‘ನಿಮ್ಮನ್ನು ಯಾದೃಚ್ಛಿಕವಾಗಿ ಒಂದು ತೋಳಿಗೆ ನಿಯೋಜಿಸಲಾಗುವುದು’ ಎಂಬಂಥ, ಗುಂಪು ಎನ್ನಲು ಬಳಸುವ ಇಂಗ್ಲಿಷಿನ ‘ಆರ್ಮ್’ ಪದವನ್ನು ತೋಳು ಎಂದೇ ಅನುವಾದಿಸಿದ, ವಾಕ್ಯಗಳು ಇರುತ್ತಿದ್ದವು. ಕಮಿಟಿಯಲ್ಲಿ ವೈದ್ಯರಲ್ಲದ ಸಾಮಾನ್ಯ ಸದಸ್ಯರೊಬ್ಬರು ಇರಲೇಬೇಕೆಂಬ ನಿಯಮವಿದೆ. ನಮ್ಮಲ್ಲಿ ಆ ಸ್ಥಾನದಲ್ಲಿದ್ದ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ಒಂದು ಸಭೆಯಲ್ಲಿ ಆ ವಾಕ್ಯವನ್ನು ಗಟ್ಟಿಯಾಗಿ ಓದಿ, ‘ಮೂವತ್ತು ವರ್ಷ ಕನ್ನಡ ಪಾಠ ಮಾಡಿದ ನನಗೇ ಇದು ಅರ್ಥವಾಗಲಿಲ್ಲ, ಯಾರ ತೋಳು ಸ್ವಾಮಿ ಇದು?’ ಎಂದು ಕೇಳಿದಾಗ ಅಲ್ಲಿದ್ದ ಡಾಕ್ಟರುಗಳು ಮುಖ ಮುಖ ನೋಡಿಕೊಂಡರು. ಕೊನೆಗೆ ಅವರೇ ಅದನ್ನು ‘ನಿಮಗೆ ಯಾವ ಮಾತ್ರೆ ಎಂಬುದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಗೊತ್ತುಮಾಡುತ್ತದೆ, ಅದು ನಿಮಗೂ ತಿಳಿಯುವುದಿಲ್ಲ, ಡಾಕ್ಟರಿಗೂ ತಿಳಿಯುವುದಿಲ್ಲ’ ಎಂದು ತಿದ್ದಿಕೊಟ್ಟರು. ನಿಮ್ಮ ಕೈಯಲ್ಲಿರುವ ಪತ್ರದಲ್ಲೂ ಅರ್ಥವಾಗದ ಸಾಲುಗಳಿದ್ದರೆ ಅದು ನಿಮ್ಮ ದಡ್ಡತನವಲ್ಲ. ಅಂಥ ಸಾಲುಗಳ ಕೆಳಗೆ ಗೆರೆ ಎಳೆದುಕೊಂಡು ಹೋಗಿ ಒಂದೊಂದನ್ನೂ ಕೇಳಿ.

ಪತ್ರವನ್ನು ಮನೆಗೆ ಕೊಟ್ಟು ಕಳಿಸಿರುವುದು ಒಳ್ಳೆಯ ಲಕ್ಷಣ. ನಿಮ್ಮ ಊರಿನಲ್ಲಿ ಇಷ್ಟು ವರ್ಷ ನೋಡುತ್ತಿರುವ ಡಾಕ್ಟರಿಗೆ ಅದನ್ನು ತೋರಿಸಿ. ಸೇರಿದ ಮೇಲೂ ಯಾವ ದಿನ ಬೇಕಾದರೂ, ಕಾರಣ ಹೇಳದೆಯೂ, ಹೊರಬರಬಹುದು. ಅದರಿಂದಾಗಿ ಆ ಆಸ್ಪತ್ರೆಯಲ್ಲಿ ನಿಮ್ಮ ಯಜಮಾನರಿಗೆ ಸಿಗಬೇಕಾದ ಚಿಕಿತ್ಸೆಗೆ ಕುತ್ತು ಬರಕೂಡದು. ಆದರೆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸದೆ ಅಲ್ಲಿಯ ಡಾಕ್ಟರಿಗೆ ತಿಳಿಸಿಯೇ ಹೊರಬರಬೇಕು, ಕೆಲವು ಔಷಧಗಳನ್ನು ಥಟ್ಟನೆ ಬಿಟ್ಟರೆ ತೊಂದರೆಯಾಗುವುದುಂಟು. ಸಹಿ ಮಾಡಿದ ಪತ್ರದ ಒಂದು ಪ್ರತಿ ನಿಮ್ಮ ಮನೆಯಲ್ಲಿರಲಿ. ಅದನ್ನು ಕೊಡುವುದು ಅವರ ಕರ್ತವ್ಯ.

ಪ್ರಶ್ನೆ: ಟ್ರಯಲ್‌ನಲ್ಲಿ ಹೆಚ್ಚುಕಡಿಮೆಯಾದರೆ ಪರಿಹಾರ ಸಿಗುತ್ತದೆ ಎನ್ನುತ್ತಾರೆ. ಎಷ್ಟು ಸಿಗುತ್ತದೆ, ತೀರ್ಮಾನಿಸುವವರು ಯಾರು? ಕಂಪನಿಯೇ ತನ್ನ ತಪ್ಪನ್ನು ಒಪ್ಪಿಕೊಳ್ಳುತ್ತದೆಯೆ?
(ಎಸ್. ಬಿ., ಕಲಬುರಗಿ)

ಉತ್ತರ: ಕಂಪನಿ ಒಪ್ಪಿಕೊಳ್ಳಲಿ ಎಂದು ಕಾಯುವ ವ್ಯವಸ್ಥೆ ಇದಲ್ಲ. ಟ್ರಯಲ್‌ನಲ್ಲಿರುವವರಿಗೆ ಗಂಭೀರ ತೊಂದರೆಯಾದರೆ, ಅಂದರೆ ಸಾವು, ಆಸ್ಪತ್ರೆಗೆ ದಾಖಲಾಗುವುದು, ಅಂಗವೈಕಲ್ಯ ಮುಂತಾದವು ಸಂಭವಿಸಿದರೆ, ಟ್ರಯಲ್ ನಡೆಸುವ ಡಾಕ್ಟರು ಅದಾದ 24 ಗಂಟೆಯೊಳಗೆ ಕೇಂದ್ರದ ಔಷಧ ನಿಯಂತ್ರಕರಿಗೆ, ಎಥಿಕ್ಸ್ ಕಮಿಟಿಗೆ ಮತ್ತು ಟ್ರಯಲ್ಲಿಗೆ ಹಣ ಹಾಕಿದ ಪ್ರಾಯೋಜಕರಿಗೆ ವರದಿ ಮಾಡಬೇಕು. ಹದಿನಾಲ್ಕು ದಿನದೊಳಗೆ ವಿವರವಾದ ವರದಿ, ಮೂವತ್ತು ದಿನದೊಳಗೆ ಎಥಿಕ್ಸ್ ಕಮಿಟಿಯ ಅಭಿಪ್ರಾಯ ಔಷಧ ನಿಯಂತ್ರಕರಿಗೆ ತಲುಪಬೇಕು. ತೊಂದರೆಗೆ ಟ್ರಯಲ್ ಕಾರಣವೇ, ಪರಿಹಾರ ಎಷ್ಟು ಎಂಬ ಆದೇಶ ಹೊರಡಿಸುವವರು ಔಷಧ ನಿಯಂತ್ರಕರು. ಇದಕ್ಕೆ ಅವರು ಸ್ವತಂತ್ರ ತಜ್ಞರ ಸಮಿತಿಯ ಸಲಹೆ ಪಡೆಯುವುದುಂಟು. ಆದೇಶ ಬಂದ ಮೂವತ್ತು ದಿನದೊಳಗೆ ಪ್ರಾಯೋಜಕರು ಹಣ ಕೊಡಬೇಕು.

ಸಾವಿನ ಸಂದರ್ಭದ ಮೊತ್ತಕ್ಕೆ ಒಂದು ಸೂತ್ರವಿದೆ. ಎಂಟು ಲಕ್ಷ ರೂಪಾಯಿಯನ್ನು ಮೂಲವಾಗಿಟ್ಟುಕೊಂಡು, ವಯಸ್ಸಿಗೆ ತಕ್ಕ ಒಂದು ಅಂಕಿಯಿಂದಲೂ, ಸೇರುವಾಗ ರೋಗಿಯ ಸ್ಥಿತಿ ಎಷ್ಟು ಅಪಾಯದಲ್ಲಿತ್ತು ಎಂಬುದನ್ನು ತೋರಿಸುವ 0.5ರಿಂದ 4ರವರೆಗಿನ ಇನ್ನೊಂದು ಅಂಕಿಯಿಂದಲೂ ಗುಣಿಸಿ, 99.37ರಿಂದ ಭಾಗಿಸುತ್ತಾರೆ. ಆರೋಗ್ಯವಂತ ಎಳೆಯ ವಯಸ್ಸಿನವರಿಗೆ ಇದು 73 ಲಕ್ಷವನ್ನೂ ದಾಟುತ್ತದೆ. 65 ದಾಟಿದ, ಮೊದಲೇ ತೀವ್ರ ರೋಗದಲ್ಲಿದ್ದವರಿಗೆ ಎಂಟು ಲಕ್ಷದ ಆಸುಪಾಸಿನಲ್ಲೋ ಅದಕ್ಕಿಂತ ಕೆಳಗೋ ನಿಲ್ಲುತ್ತದೆ. ಒಪ್ಪಿಗೆ ಪತ್ರದಲ್ಲಿ ಕೇಳುವ ವಾರ್ಷಿಕ ಆದಾಯ ಈ ಸೂತ್ರದೊಳಗೆ ಎಲ್ಲೂ ಬರುವುದಿಲ್ಲ. ಕೂಲಿಯವರ ಜೀವಕ್ಕೂ ಸಾಹುಕಾರರ ಜೀವಕ್ಕೂ ಒಂದೇ ಲೆಕ್ಕ ಎಂಬುದು ನನಗಂತೂ ಈ ನಿಯಮಗಳಲ್ಲಿ ಮೆಚ್ಚುಗೆಯಾದ ಅಂಶ.

ಹಣದ ಮಾತಿಗಿಂತ ಮೊದಲು ಬರುವುದು ಚಿಕಿತ್ಸೆ. ಟ್ರಯಲ್‌ನಲ್ಲಿರುವಾಗ ಆದ ತೊಂದರೆಗೆ, ಅಗತ್ಯವಿರುವಷ್ಟು ಕಾಲ ಅಥವಾ ಅದಕ್ಕೆ ಟ್ರಯಲ್ ಕಾರಣವಲ್ಲ ಎಂದು ಖಚಿತವಾಗುವವರೆಗೆ, ಪ್ರಾಯೋಜಕರು ಉಚಿತವಾಗಿ ಚಿಕಿತ್ಸೆ ಕೊಡಿಸಬೇಕು. ಹೊಸ ಔಷಧದ ಅಡ್ಡಪರಿಣಾಮ ಮಾತ್ರವಲ್ಲ, ಟ್ರಯಲ್‌ಗಾಗಿ ಮಾಡಿದ ಬಯಾಪ್ಸಿಯಂಥ ಪರೀಕ್ಷೆಯಿಂದಾದ ತೊಂದರೆಯೂ, ಕೊಡಬೇಕಾಗಿದ್ದ ಚಿಕಿತ್ಸೆಯನ್ನು ಕೊಡದೆ ಪ್ಲಸೀಬೊ ಕೊಟ್ಟದ್ದರಿಂದಾದ ಹಾನಿಯೂ ಪರಿಹಾರದ ವ್ಯಾಪ್ತಿಗೆ ಸೇರುತ್ತವೆ.

ಪ್ರಶ್ನೆ: ವಿದೇಶಿ ಕಂಪನಿಗಳು ನಮ್ಮ ಬಡವರನ್ನು ಗಿನಿಪಿಗ್ ಮಾಡಿಕೊಳ್ಳುತ್ತಿರುವಾಗ ನಿಮ್ಮಂಥವರು ಟ್ರಯಲ್‌ಗಳ ಪರವಾಗಿ ಬರೆಯುವುದು ಸರಿಯೆ?
(ಕೆ. ಆರ್., ಮಂಡ್ಯ)

ಉತ್ತರ: ನಿಮ್ಮ ಸಿಟ್ಟಿಗೆ ಕಾರಣಗಳಿಲ್ಲ ಎಂದು ನಾನು ಹೇಳುವುದಿಲ್ಲ. 2009ರಲ್ಲಿ ಆಗಿನ ಅವಿಭಜಿತ ಆಂಧ್ರದ ಖಮ್ಮಂ ಜಿಲ್ಲೆಯಲ್ಲೂ ಗುಜರಾತಿನ ವಡೋದರದಲ್ಲೂ 10ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಕೊಟ್ಟ ಅಧ್ಯಯನದಲ್ಲಿ, ಅನೇಕ ಮಕ್ಕಳ ಒಪ್ಪಿಗೆ ಪತ್ರಕ್ಕೆ ತಂದೆತಾಯಿಯ ಬದಲು ಹಾಸ್ಟೆಲ್ ವಾರ್ಡನ್‌ಗಳೂ ಮುಖ್ಯೋಪಾಧ್ಯಾಯರೂ ಸಹಿ ಹಾಕಿದ್ದರು. ಏಳು ಮಕ್ಕಳು ತೀರಿಕೊಂಡ ಸುದ್ದಿ ಹೊರಬಿದ್ದು 2010ರಲ್ಲಿ ಅಧ್ಯಯನ ನಿಂತಿತು. ಆ ಸಾವುಗಳಿಗೆ ಲಸಿಕೆ ಕಾರಣವೆಂದು ವಿಚಾರಣೆಯಲ್ಲಿ ಕಂಡುಬರಲಿಲ್ಲ, ಆದರೆ ಒಪ್ಪಿಗೆ ಪಡೆದ ರೀತಿಯನ್ನು 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಕಟುವಾಗಿ ಖಂಡಿಸಿತು. ಇಂದೋರಿನ ಸ್ವಾಸ್ಥ್ಯ ಅಧಿಕಾರ ಮಂಚ್ ಎಂಬ ಸಂಘಟನೆ ಟ್ರಯಲ್‌ಗಳ ಅಕ್ರಮಗಳ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದೂ ಆ ಕಾಲದಲ್ಲೇ. 2005ರಿಂದ 2012ರವರೆಗಿನ ಟ್ರಯಲ್‌ಗಳಲ್ಲಿ 2,644 ಜನ ತೀರಿಕೊಂಡಿದ್ದಾರೆ, ಅದರಲ್ಲಿ 80 ಸಾವುಗಳಿಗೆ ಟ್ರಯಲ್ ಕಾರಣ ಎಂದು ಕೇಂದ್ರ ಸರ್ಕಾರ ಆ ಪ್ರಕರಣದಲ್ಲಿ ತಿಳಿಸಿತು. ಕ್ಯಾನ್ಸರ್, ಹೃದ್ರೋಗಗಳ ಟ್ರಯಲ್‌ಗಳಲ್ಲಿ ರೋಗದಿಂದಲೇ ಸಾಯುವವರು ಬಹಳ ಎಂಬುದನ್ನು ಮರೆಯದೆ ಈ ಎರಡು ಅಂಕಿಗಳನ್ನು ಓದಬೇಕು. ಹಾಗೆ ಓದಿದರೂ ಎಂಬತ್ತು ಸಣ್ಣ ಸಂಖ್ಯೆಯಲ್ಲ. ಈಗಿನ ಪರಿಹಾರದ ಸೂತ್ರ, ಎಥಿಕ್ಸ್ ಕಮಿಟಿಗಳ ನೋಂದಣಿ, ದುರ್ಬಲ ವರ್ಗದವರನ್ನು ಹೊಚ್ಚಹೊಸ ಔಷಧದ ಟ್ರಯಲ್‌ಗೆ ಸೇರಿಸುವಾಗ ಒಪ್ಪಿಗೆಯ ಮಾತುಕತೆಯನ್ನು ವಿಡಿಯೊ ಮಾಡಬೇಕೆಂಬ ಕಟ್ಟಳೆ, ಇವೆಲ್ಲ ಆ ಹೋರಾಟದ ಫಲಗಳು.

ಆದರೆ ಟ್ರಯಲ್‌ಗಳೇ ಬೇಡ ಎನ್ನುವುದಾದರೆ ನಾನು ಒಪ್ಪಲಾರೆ. ಕ್ಷಯರೋಗಿಯನ್ನು ಊರಾಚೆಯ ಸ್ಯಾನಟೋರಿಯಂಗೆ ಕಳಿಸಿ ತಿಂಗಳುಗಟ್ಟಲೆ ಮಲಗಿಸಬೇಕು ಎಂದು ಜಗತ್ತೇ ನಂಬಿದ್ದ ಕಾಲದಲ್ಲಿ, 1956ರಲ್ಲಿ ಮದರಾಸಿನಲ್ಲಿ ಶುರುವಾದ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ, ಬಡ ಕುಟುಂಬಗಳ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸ್ಯಾನಟೋರಿಯಂನಲ್ಲೂ ಇನ್ನೊಂದಕ್ಕೆ ಅವರವರ ಮನೆಯಲ್ಲೂ ಒಂದೇ ಔಷಧ ಕೊಟ್ಟು ನೋಡಿತು. ಮನೆಯಲ್ಲೇ ಇದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು, ಅವರ ಮನೆಯವರಿಗೆ ರೋಗ ಹೆಚ್ಚಾಗಿ ಹರಡಲೂ ಇಲ್ಲ ಎಂದು 1959ರಿಂದ ಪ್ರಕಟವಾದ ಫಲಿತಾಂಶಗಳು ಜಗತ್ತಿನ ಕ್ಷಯ ಚಿಕಿತ್ಸೆಯನ್ನೇ ಬದಲಾಯಿಸಿದವು. ಇಂದು ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಮಾತ್ರೆ ತಂದು ಮನೆಯಲ್ಲೇ ಗುಣವಾಗುವ ಕ್ಷಯರೋಗಿಗಳ ಹಿಂದೆ ಆ ಟ್ರಯಲ್‌ಗೆ ಒಪ್ಪಿದ ಮದರಾಸಿನ ಬಡವರಿದ್ದಾರೆ.

ಕೋವಿಡ್ ಕಾಲದ ಪ್ಲಾಸ್ಮಾವನ್ನೂ ನೆನೆಯಿರಿ. ಗುಣವಾದವರ ಪ್ಲಾಸ್ಮಾಕ್ಕಾಗಿ ಮಧ್ಯರಾತ್ರಿಯಲ್ಲಿ ವಾಟ್ಸ್‌ಆ್ಯಪ್ ಮೊರೆಗಳು ಹರಿದಾಡುತ್ತಿದ್ದವಲ್ಲ! ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲೇ ದೇಶದ 39 ಆಸ್ಪತ್ರೆಗಳ 464 ರೋಗಿಗಳಲ್ಲಿ ಟ್ರಯಲ್ ನಡೆಸಿ, ಪ್ಲಾಸ್ಮಾದಿಂದ ಸಾವಾಗಲಿ ರೋಗ ಉಲ್ಬಣವಾಗಲಿ ಕಡಿಮೆಯಾಗುವುದಿಲ್ಲ ಎಂದು ತೋರಿಸಿತ್ತು. 2021ರ ಮೇ ತಿಂಗಳಿನಲ್ಲಿ ಅದನ್ನು ಚಿಕಿತ್ಸೆಯ ಪಟ್ಟಿಯಿಂದಲೇ ಕೈಬಿಟ್ಟರು.

ಪ್ರಶ್ನೆ: ನನಗೆ 67 ವರ್ಷ, ಐದು ವರ್ಷಗಳಿಂದ ಪಾರ್ಕಿನ್ಸನ್ ಕಾಯಿಲೆ. ಅಮೆರಿಕದಲ್ಲಿರುವ ಮಗ ಅಲ್ಲಿಯ ಟ್ರಯಲ್‌ಗಳ ಪಟ್ಟಿಯ ಲಿಂಕ್ ಕಳಿಸಿ, ‘ಅಪ್ಪ, ಇಲ್ಲಿಗೆ ಬಂದುಬಿಡಿ’ ಎನ್ನುತ್ತಿದ್ದಾನೆ. ನಮ್ಮಲ್ಲಿ ನಡೆಯುವ ಟ್ರಯಲ್‌ಗಳನ್ನು ತಿಳಿಯುವ ಬಗೆ ಹೇಗೆ?
(ನಿವೃತ್ತ ಅಧಿಕಾರಿ, ಮೈಸೂರು)

ಉತ್ತರ: ಅಮೆರಿಕ ಸರ್ಕಾರದ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ ಎಂಬ ಪಟ್ಟಿ ಇರುವಂತೆ ನಮ್ಮಲ್ಲಿಯೂ 2007ರ ಜುಲೈನಿಂದ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಪಟ್ಟಿ ಇದೆ. ಅದನ್ನು ಎಲ್ಲರೂ ಸಿಟಿಆರ್‌ಐ ಎಂದೇ ಕರೆಯುತ್ತಾರೆ. ವೈದ್ಯಕೀಯ ಸಂಶೋಧನಾ ಮಂಡಳಿ ಅದನ್ನು ದೆಹಲಿಯಲ್ಲಿ ನಡೆಸುತ್ತದೆ. 2009ರ ಜೂನ್‌ನಿಂದ ನೋಂದಣಿ ಕಡ್ಡಾಯವಾಗಿದ್ದು, 2018ರ ಏಪ್ರಿಲ್‌ನಿಂದ ಮೊದಲ ರೋಗಿಯನ್ನು ಸೇರಿಸಿಕೊಳ್ಳುವುದಕ್ಕೂ ಮುಂಚೆಯೇ ನೋಂದಾಯಿಸಬೇಕು. ಪಟ್ಟಿ ಇಂಗ್ಲಿಷಿನಲ್ಲಿದೆ. ರೋಗದ ಹೆಸರು ಹಾಕಿ ಹುಡುಕಿದರೆ ಯಾವ ಊರಿನ ಯಾವ ಆಸ್ಪತ್ರೆಗಳಲ್ಲಿ ನಡೆಯುತ್ತಿದೆ, ಹೊಣೆ ಹೊತ್ತ ಡಾಕ್ಟರು ಯಾರು, ಆಯಾ ಆಸ್ಪತ್ರೆಯ ಎಥಿಕ್ಸ್ ಕಮಿಟಿ ಒಪ್ಪಿಗೆ ಕೊಟ್ಟಿದೆಯೆ, ಯಾರನ್ನು ಸೇರಿಸುತ್ತಾರೆ, ಯಾರನ್ನು ಬಿಡುತ್ತಾರೆ ಎಂಬುದೆಲ್ಲ ಅಲ್ಲಿರುತ್ತದೆ. ಭಾರತದ ಸ್ಥಿತಿ ಎಂಬ ಕಡೆ ‘ಓಪನ್ ಟು ರಿಕ್ರೂಟ್‌ಮೆಂಟ್’ ಎಂದಿದ್ದರೆ ಮಾತ್ರ ಈಗ ರೋಗಿಗಳನ್ನು ಸೇರಿಸಿಕೊಳ್ಳುತ್ತಿದ್ದಾರೆ ಎಂದರ್ಥ. ಈ ಸಾಲು ಕೆಲವೊಮ್ಮೆ ಹಳೆಯದಾಗಿರುತ್ತದೆ, ಪ್ರಯಾಣದ ಮೊದಲು ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಅಮೆರಿಕದ ಪಟ್ಟಿಯಲ್ಲಿರುವ ಎಷ್ಟೋ ಟ್ರಯಲ್‌ಗಳು ಹಲವು ದೇಶಗಳಲ್ಲಿ ಒಟ್ಟಿಗೆ ನಡೆಯುತ್ತವೆ. ನಿಮ್ಮ ಮಗ ಕಳಿಸಿದ ಲಿಂಕಿನಲ್ಲೇ ಕೆಳಗೆ ಹೋಗಿ ಭಾರತದ ಆಸ್ಪತ್ರೆಗಳ ಹೆಸರಿದೆಯೇ ಎಂದು ನೋಡುವುದು ವೀಸಾಕ್ಕೆ ಅರ್ಜಿ ಹಾಕುವುದಕ್ಕಿಂತ ಸುಲಭ. ಅಲ್ಲಿಗೇ ಹೋಗುವುದಾದರೆ, ತಿಂಗಳು ತಿಂಗಳು ಆಸ್ಪತ್ರೆಗೆ ಬರಬೇಕೆನ್ನುವ ಟ್ರಯಲ್ಲಿಗೂ ಕೆಲವೇ ತಿಂಗಳ ಸಂದರ್ಶಕರ ವೀಸಾಕ್ಕೂ ಹೊಂದಿಕೆಯಾಗುವುದು ಕಷ್ಟ.

ಎರಡು ಎಚ್ಚರಿಕೆಗಳು. ಪಟ್ಟಿಯಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ಸರ್ಕಾರ ಆ ಔಷಧಕ್ಕೆ ಮುದ್ರೆಯೊತ್ತಿದೆ ಎಂದಲ್ಲ, ಅದು ದಾಖಲೆ ಮಾತ್ರ. ಇನ್ನೊಂದು, ಪಾರ್ಕಿನ್ಸನ್ ಟ್ರಯಲ್‌ಗಳಲ್ಲಿ ‘ಇಂತಿಷ್ಟು ಕಾಲದಿಂದ ಔಷಧದ ಪ್ರಮಾಣ ಬದಲಾಗಿರಬಾರದು’, ‘ಇಂಥ ಔಷಧವನ್ನು ತೆಗೆದುಕೊಳ್ಳುತ್ತಿರಬಾರದು’ ಎಂಬ ಷರತ್ತುಗಳಿರುವುದುಂಟು. ಅದನ್ನು ಓದಿ, ಆಯ್ಕೆಯಾಗಲೆಂದು ಪಾರ್ಕಿನ್ಸನ್‌ನ ಮುಖ್ಯ ಔಷಧವಾದ ಲೆವೊಡೋಪಾ ಮಾತ್ರೆಯನ್ನು ತಾವೇ ಕಡಿಮೆ ಮಾಡಿಕೊಂಡು ಬಿದ್ದು ಸೊಂಟ ಮುರಿದುಕೊಂಡ ಹಿರಿಯರೊಬ್ಬರನ್ನು ನಾನು ಬಲ್ಲೆ. ಸ್ಕ್ರೀನಿಂಗ್‌ನಲ್ಲಿ, ಅಂದರೆ ಸೇರಿಸಿಕೊಳ್ಳುವ ಮುಂಚಿನ ತಪಾಸಣೆಯಲ್ಲಿ, ಹೊರಗುಳಿಯುವುದು ಸೋಲಲ್ಲ. ಆ ಔಷಧ ನಿಮ್ಮಂಥವರಿಗೆ ಸುರಕ್ಷಿತವೋ ಅಲ್ಲವೋ ಇನ್ನೂ ಗೊತ್ತಿಲ್ಲ ಎಂಬುದೇ ಎಷ್ಟೋ ವೇಳೆ ಅದಕ್ಕೆ ಕಾರಣ.

ಪ್ರಶ್ನೆ: ನಮ್ಮ ಆರು ವರ್ಷದ ಮಗನಿಗೆ ಆಟಿಸಂ. ಸ್ಟೆಮ್ ಸೆಲ್ (ಮೂಲ ಜೀವಕೋಶ) ಚಿಕಿತ್ಸೆಯಿಂದ ಮಾತು ಬರುತ್ತದೆ, ಇದು ‘ಟ್ರಯಲ್’ ಆದ್ದರಿಂದ ರಿಯಾಯಿತಿ ದರದಲ್ಲಿ ನಾಲ್ಕು ಲಕ್ಷಕ್ಕೆ ಮಾಡುತ್ತೇವೆ ಎಂದು ಒಂದು ಕಡೆ ಹೇಳಿದ್ದಾರೆ. ಒಡವೆ ಅಡ ಇಟ್ಟಾದರೂ ಮಾಡಿಸೋಣ ಎಂದಿದ್ದೇವೆ.
(ಹೆಸರು ಬೇಡ, ಶಿವಮೊಗ್ಗ)

ಉತ್ತರ: ದಯವಿಟ್ಟು ಅಡ ಇಡಬೇಡಿ, ತಾಯೀ. ಸೇರಲೋ ಬೇಡವೋ ಎಂದು ಹೇಳುವುದಿಲ್ಲ ಎಂದಿದ್ದ ನನ್ನ ಮಾತನ್ನು ನಿಮ್ಮ ವಿಷಯದಲ್ಲಿ ಮುರಿಯುತ್ತಿದ್ದೇನೆ. ನಿಜವಾದ ಟ್ರಯಲ್‌ನಲ್ಲಿ ಪರೀಕ್ಷೆಗೊಳಗಾಗುತ್ತಿರುವ ಚಿಕಿತ್ಸೆಗೆ ರೋಗಿಯಿಂದ ಹಣ ಪಡೆಯುವುದಿಲ್ಲ. ರಿಯಾಯಿತಿ ದರದ ಟ್ರಯಲ್ ಎಂಬ ಮಾತೇ ಅದು ಟ್ರಯಲ್ ಅಲ್ಲ ಎಂಬುದಕ್ಕೆ ಸಾಕ್ಷಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರಡಿಸಿದ ಸ್ಟೆಮ್ ಸೆಲ್ ಸಂಶೋಧನೆಯ ಮಾರ್ಗಸೂಚಿಯ ಪ್ರಕಾರ, ಕೆಲವು ರಕ್ತದ ಕಾಯಿಲೆ ಮುಂತಾದವುಗಳಲ್ಲಿ ಈಗಾಗಲೇ ಒಪ್ಪಿತವಾಗಿರುವ ಅಸ್ಥಿಮಜ್ಜೆ ಕಸಿಯಂಥ ಬಳಕೆಯನ್ನು ಬಿಟ್ಟರೆ, ಬೇರೆ ಯಾವ ಕಾಯಿಲೆಗೂ ಸ್ಟೆಮ್ ಸೆಲ್ಲನ್ನು ಅನುಮತಿ ಪಡೆದ ಟ್ರಯಲ್‌ನ ಹೊರಗೆ ಕೊಡುವಂತಿಲ್ಲ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರ ಡಿಸೆಂಬರ್‌ನಲ್ಲಿ ಹೇಳಿದೆ.

ಅವರನ್ನು ಸಿಟಿಆರ್‌ಐ ನೋಂದಣಿ ಸಂಖ್ಯೆ, ಔಷಧ ನಿಯಂತ್ರಕರ ಅನುಮತಿ ಪತ್ರ, ಎಥಿಕ್ಸ್ ಕಮಿಟಿಯ ಒಪ್ಪಿಗೆ, ಈ ಮೂರನ್ನು ಕೇಳಿ ನೋಡಿ. ಸಂಖ್ಯೆಯೊಂದನ್ನು ಮಾತ್ರ ಕೊಟ್ಟು ಉಳಿದದ್ದಕ್ಕೆ ಮಾತು ತಪ್ಪಿಸಿದರೆ ಅಲ್ಲಿಂದ ಎದ್ದು ಬನ್ನಿ. ಮಗುವಿನ ಮಾತಿನ ವಿಷಯಕ್ಕೆ, ಈಗ ಸ್ಪೀಚ್ ಥೆರಪಿ ನಡೆಯುತ್ತಿದೆಯೇ ಎಂದು ನೀವು ಬರೆದಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗದಲ್ಲೂ ಇಂಥ ಮಕ್ಕಳನ್ನು ಪರೀಕ್ಷಿಸಿ, ಮನೆಯಲ್ಲಿ ತಂದೆತಾಯಿ ಮಾಡಬೇಕಾದ ಅಭ್ಯಾಸಗಳನ್ನು ಕಲಿಸಿಕೊಡುತ್ತಾರೆ. ನಿಧಾನದ ದಾರಿ, ಬೇಸರವೂ ಬರುತ್ತದೆ. ಆದರೆ ಆ ನಾಲ್ಕು ಲಕ್ಷ ಬೇಕಾಗುವುದಿಲ್ಲ.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿ. ಮೂರು ದಿನ ಉಳಿದುಕೊಂಡರೆ ಹದಿನೈದು ಸಾವಿರ ಕೊಡುತ್ತೇವೆ, ಆರೋಗ್ಯವಂತರು ಬೇಕಾಗಿದ್ದಾರೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ಸ್ನೇಹಿತರು ಹೋಗಿಬಂದಿದ್ದಾರೆ. ಹೋಗಬಹುದೆ?
(ಪಿ., ಹುಬ್ಬಳ್ಳಿ)

ಉತ್ತರ: ಅದು ಬಹುಪಾಲು, ಮಾರುಕಟ್ಟೆಯಲ್ಲಿರುವ ಔಷಧವೊಂದನ್ನು ಇನ್ನೊಂದು ಕಂಪನಿ ತಯಾರಿಸಿದಾಗ ಎರಡೂ ರಕ್ತಕ್ಕೆ ಒಂದೇ ಪ್ರಮಾಣದಲ್ಲಿ ಸೇರುತ್ತವೆಯೇ ಎಂದು ನೋಡುವ ಅಧ್ಯಯನ. ಮಾತ್ರೆ ಕೊಟ್ಟು ಹಲವು ಸಲ ರಕ್ತ ತೆಗೆಯುತ್ತಾರೆ. ಅನುಮತಿ ಪಡೆದ ಕೇಂದ್ರದಲ್ಲಿ, ಕಮಿಟಿಯ ಒಪ್ಪಿಗೆಯೊಂದಿಗೆ ನಡೆದರೆ ಅದು ಕಾನೂನುಬದ್ಧ, ಸಮಯಕ್ಕೆ ಹಣ ಕೊಡುವುದೂ ತಪ್ಪಲ್ಲ. ಕೇಂದ್ರದ ಹೆಸರು, ವಿಳಾಸ ಹೇಳದೆ ‘ಸ್ನೇಹಿತರನ್ನು ಕರೆತಂದರೆ ಕಮಿಷನ್’ ಎನ್ನುವ ಏಜೆಂಟರಿಂದ ದೂರವಿರಿ. ಹಣದ ಆಸೆಗೆ ಒಂದು ಕಡೆಯ ವಿಷಯ ಮುಚ್ಚಿಟ್ಟು ಇನ್ನೊಂದು ಕಡೆಗೆ ಸೇರುವ ಹುಡುಗರಿದ್ದಾರೆ. ಎರಡು ಔಷಧ ಮೈಯೊಳಗೆ ಸೇರಿ ಏನಾದರೂ ಆದರೆ ಡಾಕ್ಟರಿಗೆ ಕಾರಣವೇ ತಿಳಿಯದೆ ಹೋಗುತ್ತದೆ. ಇನ್ನು, ಮನುಷ್ಯರಿಗೆ ಮೊಟ್ಟಮೊದಲ ಬಾರಿ ಕೊಡುವ ಔಷಧವಾಗಿದ್ದರೆ ಅದು ಬೇರೆಯೇ ಮಾತು. 2006ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಟಿಜಿಎನ್1412 ಎಂಬ ಔಷಧ ಪಡೆದ ಆರು ಮಂದಿ ಆರೋಗ್ಯವಂತ ಯುವಕರೂ ಕೆಲವೇ ಗಂಟೆಗಳಲ್ಲಿ ಹಲವು ಅಂಗಗಳು ಸೋತು ತೀವ್ರ ನಿಗಾ ಘಟಕ ಸೇರಿದ್ದರು. ‘ಇದು ಯಾವ ಔಷಧ, ಮೊದಲು ಯಾರಿಗೆ ಕೊಟ್ಟಿದ್ದೀರಿ?’ ಎಂದು ಕೇಳಿ. ಹದಿನೈದು ಸಾವಿರದ ವಿಷಯವನ್ನು ಮನೆಯಲ್ಲಿ ಅಮ್ಮನಿಗೆ ಹೇಳಿ ಹೋಗುವ ಧೈರ್ಯವಿದ್ದರೆ ಹೋಗಿ.

ಪ್ರಶ್ನೆ: ಅತ್ತೆಯವರಿಗೆ ಕ್ಯಾನ್ಸರ್. ಟ್ರಯಲ್‌ನ ಔಷಧದಿಂದ ಗಡ್ಡೆ ಕುಗ್ಗಿದೆ. ಟ್ರಯಲ್ ಮುಗಿದ ಮೇಲೆ ಔಷಧ ನಿಂತುಹೋಗುತ್ತದೆಯೆ?
(ಆರ್. ಶೆಟ್ಟಿ, ಉಡುಪಿ)

ಉತ್ತರ: ನಿಲ್ಲಲೇಬೇಕೆಂದಿಲ್ಲ. ಔಷಧದಿಂದ ಅವರಿಗೆ ಗುಣ ಕಂಡಿದೆ ಎಂದು ಟ್ರಯಲ್‌ನ ಡಾಕ್ಟರು ಶಿಫಾರಸು ಮಾಡಿ, ಎಥಿಕ್ಸ್ ಕಮಿಟಿ ಒಪ್ಪಿ, ಆ ರೋಗಕ್ಕೆ ಬೇರೆ ಚಿಕಿತ್ಸೆ ಇಲ್ಲವೆಂದಾದರೆ, ಟ್ರಯಲ್ ಮುಗಿದ ಮೇಲೂ ಪ್ರಾಯೋಜಕರು ಔಷಧವನ್ನು ಉಚಿತವಾಗಿ ಮುಂದುವರಿಸಲು 2019ರ ನಿಯಮಗಳಲ್ಲಿ ಅವಕಾಶವಿದೆ. ಅದಕ್ಕೆ ನಿಮ್ಮ ಅತ್ತೆಯವರೂ ಬರೆದು ಒಪ್ಪಿಗೆ ಕೊಡಬೇಕು. ಬೇರೆ ಚಿಕಿತ್ಸೆ ಇದ್ದರೆ ಈ ಅವಕಾಶ ಅನ್ವಯಿಸುವುದಿಲ್ಲ, ಮಾತು ಸಿಕ್ಕಿಕೊಳ್ಳುವುದು ಹೆಚ್ಚಾಗಿ ಅಲ್ಲಿಯೇ. ಟ್ರಯಲ್ ಮುಗಿಯುವ ದಿನದವರೆಗೆ ಕಾಯದೆ, ಮುಂದಿನ ಭೇಟಿಯಲ್ಲೇ ಡಾಕ್ಟರ ಬಳಿ ಈ ವಿಷಯ ಎತ್ತಿ. ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಎಥಿಕ್ಸ್ ಕಮಿಟಿಗೆ ಕನ್ನಡದಲ್ಲೇ ಒಂದು ಪತ್ರ ಬರೆಯಿರಿ. ಅವರ ಫೋನ್ ನಂಬರು ಒಪ್ಪಿಗೆ ಪತ್ರದಲ್ಲಿ, ಹೆಚ್ಚಾಗಿ ಕೊನೆಯ ಪುಟಗಳಲ್ಲಿ, ಇರುತ್ತದೆ.